ಕಿಟಕಿಯಲ್ಲಿ ಕುಳಿತ ಲಾಳಿ

ನಮ್ಮ ಮನೆಗೆ ಹೊಸದಾಗಿ ಬಂದವರು ಚಹಾ ಕುಡಿದು ಕಪ್ಪು ಕೆಳಗಿಡುವಾಗ ಒಳಕೋಣೆಯ ಕಿಟಕಿಯ ಕಡೆ ಕೈ ಮಾಡಿ ಒಂದು ಮಾತು ಕೇಳುತ್ತಾರೆ. "ಅದೇನ್ರಿ ಅಲ್ಲಿ ಸಿಕ್ಕೊಂಡೈತಿ?" ಅದು ಮಗ್ಗದ ಲಾಳಿ. ಮೊಳದಷ್ಟು ಉದ್ದದ, ಎರಡೂ ತುದಿಗೆ ಚೂಪಾದ ಕಬ್ಬಿಣದ ಮೂತಿ ಇರುವ, ಹೊಟ್ಟೆ ಪೊಳ್ಳಾದ ಮರದ ತುಂಡು. ಆ ಹೊಟ್ಟೆಯಲ್ಲಿ ನೂಲು ತುಂಬಿಕೊಂಡು ಆ ಕಡೆಯಿಂದ ಈ ಕಡೆಗೆ ಓಡುತ್ತ ಬಟ್ಟೆ ನೇಯುವುದು ಅದರ ಕೆಲಸ. ನಮ್ಮ ಮನೆಯಲ್ಲಿ ಮಾತ್ರ ಅದು ಕಿಟಕಿಯ ಕದಕ್ಕೂ ಚೌಕಟ್ಟಿಗೂ ನಡುವೆ ಅಡ್ಡ ಕುಳಿತಿದೆ.

"ಗಾಳಿಗೆ ಕದ ಬಡೀತೈತ್ರಿ, ಅದಕ್ಕ" ಎಂದು ಹೇಳಿ ನಾನು ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಪೂರ್ತಿ ಹೇಳುವುದಕ್ಕೆ ಒಂದು ಕಪ್ಪು ಚಹಾದ ಹೊತ್ತು ಸಾಲುವುದಿಲ್ಲ. ನಿಮಗೆ ಹೊತ್ತಿದೆ ಎಂದುಕೊಳ್ಳುತ್ತೇನೆ.

ನಾವಿರುವುದು ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ, ಪತ್ರಾಸಿನ ಛಾವಣಿಯ ಕೆಳಗೆ. ಪತ್ರಾಸು ಎಂದರೆ ತಗಡು. ಮಳೆಗಾಲದಲ್ಲಿ ಮಾತಾಡಗೊಡುವುದಿಲ್ಲ, ಬೇಸಿಗೆಯಲ್ಲಿ ಉಸಿರಾಡಗೊಡುವುದಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ಎರಡು ಬಗೆಯಿದೆ. ಯುಗಾದಿಯ ಹಿಂದೆ ಮುಂದೆ ಬರುವುದು ಒಣ ಬಿಸಿಲು. ಅದು ಸಿಟ್ಟಿನ ಮನುಷ್ಯನ ಹಾಗೆ, ಬೈಯುತ್ತದೆ, ಹೊರಟುಹೋಗುತ್ತದೆ. ಮೇ ತಿಂಗಳು ಅರ್ಧ ಕಳೆದ ಮೇಲೆ ಬರುವುದು ಬೇರೆ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟುತ್ತದೆ. ಮರಾಠಿಯವರು ವಳೀವ ಎನ್ನುವ ಆ ಮುಂಗಾರಿಗೆ ಮುಂಚಿನ ಮಳೆ ಇವತ್ತು ಬಂತು, ನಾಳೆ ಬಂತು ಎನ್ನಿಸುತ್ತದೆ, ಬರುವುದಿಲ್ಲ. ಗಾಳಿ ನಿಂತುಬಿಡುತ್ತದೆ. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಒದ್ದೆ, ಹಪ್ಪಳ ಬಿಸಿಲಲ್ಲಿಟ್ಟರೂ ಮೆತ್ತಗೆ, ಜಂಪರು ಬೆನ್ನಿಗೆ ಅಂಟಿದ್ದು ಬಿಡುವುದೇ ಇಲ್ಲ.

ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ಮೇ ತಿಂಗಳು ಪೂರ್ತಿ ಮನೆಯಲ್ಲಿರುತ್ತೇನೆ. ಪ್ರತಿ ವರ್ಷ ರಜೆಯಲ್ಲಿ ಓದಬೇಕೆಂದು ಪುಸ್ತಕ ತಂದಿಡುತ್ತೇನೆ. ಓದುವುದಕ್ಕಿಂತ ಹೆಚ್ಚಾಗಿ ಅವುಗಳಿಂದ ಬೀಸಿಕೊಂಡಿದ್ದೇನೆ. ತೆಳ್ಳನೆಯ ಪುಸ್ತಕಗಳು ಒಳ್ಳೆಯ ಗಾಳಿ ಕೊಡುತ್ತವೆ. ದಪ್ಪ ಪುಸ್ತಕಗಳಿಂದ ಕೈ ನೋಯುತ್ತದೆ. ಸಾಹಿತ್ಯದ ಬಗ್ಗೆ ಮೇ ತಿಂಗಳಲ್ಲಿ ನನಗೆ ಇದಕ್ಕಿಂತ ಬೇರೆ ಅಭಿಪ್ರಾಯವಿರುವುದಿಲ್ಲ. ಮುಂಜಾನೆ ಕಟ್ಟೆ, ಮಧ್ಯಾಹ್ನ ಬಚ್ಚಲಿನ ಹೊಸ್ತಿಲು, ಸಂಜೆ ಮತ್ತೆ ಕಟ್ಟೆ, ಹೀಗೆ ನೆರಳಿನ ಹಿಂದೆ ಚಾಪೆ ಎಳೆದುಕೊಂಡು ಹೋಗುವುದನ್ನು ನೋಡಿ ನನ್ನ ಯಜಮಾನರು, "ಸುಳಕೂಡದ ಕುರಿ ಮೇಯಾಕ ಹೊಂಟೈತಿ" ಎನ್ನುತ್ತಾರೆ.

ಅವರು ಹಾಗೆ ಅನ್ನುವುದಕ್ಕೆ ಕಾರಣವಿದೆ. ನನ್ನ ತವರು ಸುಳಕೂಡ. ನಮ್ಮದು ಕುರಿ ಸಾಕುವ ಮನೆ. ಚಿಕ್ಕವಳಿದ್ದಾಗ ಬೇಸಿಗೆಯ ರಜೆಯಲ್ಲಿ ನಮ್ಮ ಮುತ್ಯಾನ ಹಿಂದೆ, ಅಂದರೆ ಅಜ್ಜನ ಹಿಂದೆ, ಕುರಿ ಹಿಂಡಿನೊಡನೆ ಹೋಗುತ್ತಿದ್ದೆ. ನಡು ಮಧ್ಯಾಹ್ನ ಬಯಲಿನಲ್ಲಿ ಕುರಿಗಳು ಏನು ಮಾಡುತ್ತವೆ ಎಂದು ನೀವು ನೋಡಿರಬಹುದು. ಗಿಡವಿಲ್ಲದಿದ್ದರೆ ಒಂದು ಕುರಿಯ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸುತ್ತದೆ. ಅದರ ಹೊಟ್ಟೆಯ ಕೆಳಗೆ ಮತ್ತೊಂದು. ತಲೆಗೆ ನೆರಳು ಸಿಕ್ಕಿತೆಂದು ಅವಕ್ಕೆ ಸಮಾಧಾನ. ಇಡೀ ಹಿಂಡು ಒಂದು ಕಂಬಳಿಯಂತೆ ಒತ್ತೊತ್ತಾಗಿ ನಿಂತುಬಿಡುತ್ತದೆ. ಮುತ್ಯಾ ಕೋಲು ಹಿಡಿದು ಅದರ ನಡುವೆ ನುಗ್ಗುತ್ತಿದ್ದ. "ಸರೀರೆಲೇ! ಒಂದರ ಬುಡಕ ಒಂದ ಹೊಕ್ಕು ಸಾಯ್ತೀರೇನು? ಗಾಳಿ ಆಡ್ಲಿ!" ಕುರಿಗಳು ಸರಿಯುತ್ತಿದ್ದವು, ಅವನು ದಾಟಿದ ಕೂಡಲೇ ಮತ್ತೆ ಕೂಡುತ್ತಿದ್ದವು. ಮುತ್ಯಾನ ಮಧ್ಯಾಹ್ನಗಳು ಹೀಗೇ ಕಳೆಯುತ್ತಿದ್ದವು. ನನಗೆ ಆಗ ಕುರಿಗಳ ಪರವಾಗಿಯೇ ಅನುಕಂಪ. ಪಾಪ, ನೆರಳಿಗೆ ಹೋದವುಗಳನ್ನು ಬಿಸಿಲಿಗೆ ಎಳೆಯುತ್ತಾನಲ್ಲ ಎಂದು.

ಇಂಥ ಗಾಳಿಯ ಮನೆಯಿಂದ ಮುಚ್ಚಿದ ಕಿಟಕಿಯ ಮನೆಗೆ ಸೊಸೆಯಾಗಿ ಬಂದೆ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಊಟ ಮುಗಿಸಿ ಒಳಕೋಣೆಯ ಕಿಟಕಿ ತೆರೆದೆ. ಕಟ್ಟೆಯ ಮೇಲಿದ್ದ ಮಾವ ಎದ್ದು ಬಂದು ಮುಚ್ಚಿದರು. ಅವರು ಹೋದ ಮೇಲೆ ನಾನು ತೆರೆದೆ. ಅವರು ಬಂದು ಮುಚ್ಚಿದರು. ಕೊನೆಗೆ ಅತ್ತೆ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು ಹೇಳಿದರು: "ಖಿಡಕಿ ತಗೀಬ್ಯಾಡವಾ. ಖಿಡಕಿ ತಗದ್ರ ಅವರಿಗೆ ಎಲ್ಲೋ ನೂಲು ಹರದಂಗ ಅಕ್ಕೈತಿ."

ಮಾವ, ಅತ್ತೆ ಇಬ್ಬರೂ ರಾಯಬಾಗದ ಕಡೆಯಿಂದ ಹರೆಯದಲ್ಲೇ ಇಲ್ಲಿಗೆ ಬಂದವರು. ಮಾವ ಒಂದು ಕಾರಖಾನೆಯಲ್ಲಿ ಕರೆಂಟಿನ ಮಗ್ಗ ನಡೆಸುತ್ತಿದ್ದರು. ಅದೇ ಕಾರಖಾನೆಯ ಮೂಲೆಯಲ್ಲಿ ಅತ್ತೆ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು. ಅಲ್ಲಿ ಕಿಟಕಿ ಇದ್ದರೂ ತೆರೆಯುವುದಿಲ್ಲ. ಗಾಳಿ ಬಂದರೆ ನೂಲು ಒಣಗುತ್ತದೆ, ಒಣಗಿದ ನೂಲು ಹರಿಯುತ್ತದೆ, ನೂಲು ಹರಿದರೆ ಮಗ್ಗ ನಿಲ್ಲುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕದ ಮುಚ್ಚಿ, ನೆಲಕ್ಕೆ ನೀರು ಹೊಡೆದು, ಹಸಿ ಗೋಣಿತಾಟು ತೂಗುಬಿಡುತ್ತಾರೆ. ಮನುಷ್ಯರು ಬೆವರಿದರೆ ಬೆವರಲಿ, ನೂಲು ತಂಪಾಗಿರಬೇಕು. ಮಾವನ ಆಯುಷ್ಯ ಈ ತೇವದಲ್ಲಿ ಕಳೆದಿದೆ. ತಂಪು ಎಂದರೆ ಅವರ ಮನಸ್ಸಿನಲ್ಲಿ ಮುಚ್ಚಿದ ಕೋಣೆ, ಹಸಿ ನೆಲ, ಮಬ್ಬು ಬೆಳಕು.

ಮೊಣಕಾಲು ನೋವಿಗೆ ಅತ್ತೆ ಕೆಲಸ ಬಿಟ್ಟು ಮನೆಯಲ್ಲೇ ಉಳಿದ ಮೇಲೆ, ತಮಗೂ ವಯಸ್ಸಾಗಿ ಕಾರಖಾನೆ ಬಿಟ್ಟ ಮೇಲೆ, ಮಾವ ಆ ತಂಪನ್ನು ಮನೆಗೆ ತಂದರು. ಬೇಸಿಗೆ ಬಂದರೆ ಮಧ್ಯಾಹ್ನ ಊಟವಾದ ಕೂಡಲೇ ಬಕೆಟ್ಟು ಹಿಡಿದು ಒಳಕೋಣೆಗೆ ಹೋಗುವರು. ನೀರನ್ನು ಸುರಿಯುವವರಲ್ಲ. ಬೆರಳ ತುದಿಯಿಂದ, ಮೂಲೆಯಿಂದ ಹಿಡಿದು ಬಾಗಿಲವರೆಗೆ, ರಂಗೋಲಿ ಪುಡಿ ಉದುರಿಸಿದಂತೆ ಚಿಮುಕಿಸುವರು. ಎಲ್ಲೂ ನಿಲ್ಲಬಾರದು, ಎಲ್ಲೂ ಬಿಡಬಾರದು. ಆಮೇಲೆ ಎರಡು ಚಾದರ ನೆನೆಸಿ ಹಿಂಡುವರು. ಒಂದು ಬಾಗಿಲಿಗೆ, ಒಂದು ಮುಚ್ಚಿದ ಕಿಟಕಿಗೆ. ಹಿಂಡುವುದರಲ್ಲೂ ಒಂದು ಹದ. ಹನಿ ಬೀಳಬಾರದು, ಸಂಜೆಯವರೆಗೆ ಒಣಗಲೂ ಬಾರದು. ಸಂಜೆ ಚಾದರದ ಅಂಚು ಬೆರಳಲ್ಲಿ ಹಿಸುಕಿ ನನಗೆ ತೋರಿಸುವರು. "ನೋಡವಾ, ಇನ್ನೂ ಹಸೀನ ಐತಿ." ಅಷ್ಟೆಲ್ಲ ವರ್ಷ ತಮಗಾಗಿ ಕಾರಖಾನೆಯ ಧೂಳು ಕುಡಿದ ಹೆಂಡತಿಗೆ ಅವರು ಕೊಡಬಲ್ಲ ಐಶ್ವರ್ಯ ಅದಾಗಿತ್ತು. ಅತ್ತೆ ಆ ನೆಲದ ಮೇಲೆ ಚಾಪೆ ಹಾಸಿ, "ಸಾವಕಾರತಿ ಆದೆ ನೋಡ" ಎಂದು ಮಲಗುವರು. ಒಣ ಬಿಸಿಲಿನ ತಿಂಗಳಲ್ಲಿ ಅದು ನಿಜಕ್ಕೂ ತಂಪಾಗಿರುತ್ತಿತ್ತು. ಮೇಲೆ ಪಂಖಾ ತಿರುಗುತ್ತಿತ್ತು. ನಾನೂ ಎಷ್ಟೋ ಸಲ ಅತ್ತೆಯ ಪಕ್ಕದಲ್ಲಿ ಮಲಗಿ ನಿದ್ದೆ ಹೋಗಿದ್ದೇನೆ. ಸುಳಕೂಡದ ಗಾಳಿಯನ್ನು ಮರೆತು ನಾನೂ ನಿಧಾನವಾಗಿ ಮುಚ್ಚಿದ ಕಿಟಕಿಯ ಪಕ್ಷಕ್ಕೆ ಸೇರಿದ್ದೆ.

ಆ ದಿನದ ಮಾತನ್ನು ನಾನು ನಿಧಾನವಾಗಿಯೇ ಹೇಳಬೇಕು.

ಮೇ ತಿಂಗಳ ಕೊನೆ. ಮೋಡ ಕಟ್ಟಿತ್ತು, ಎಲೆ ಅಲುಗುತ್ತಿರಲಿಲ್ಲ. ಪಕ್ಕದ ಮನೆಯ ಶೇವಂತಾ ಕಾಕು ಮತ್ತು ನಾನು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಶಾವಿಗೆ ನೋಡುತ್ತ ಕುಳಿತಿದ್ದೆವು. ಮುಂಜಾನೆ ಹಾಕಿದ ಶಾವಿಗೆ ಇನ್ನೂ ಬೆರಳಿಗೆ ಅಂಟುತ್ತಿತ್ತು. ಕಾಕು ಮರಾಠಿಯವಳು. ನಮ್ಮ ಜೊತೆ ಇದ್ದೂ ಇದ್ದೂ ಅವಳ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. "ಹೀ ಶೇವಯಾ ಇವತ್ತ ವಾಳತ ನಾಹೀ ಬಗ. ಒಣಗಂಗಽ ಇಲ್ಲ" ಎಂದಳು. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಮಾವ ಎಂದಿನಂತೆ ನೆಲಕ್ಕೆ ನೀರು ಚಿಮುಕಿಸಿ, ಎರಡೂ ಚಾದರ ಕಟ್ಟಿ, ಕಿಟಕಿಯ ಅಗಳಿ ಹಾಕಿ, ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ತೂಕಡಿಸುತ್ತಿದ್ದರು.

ಆಗ ಸದ್ದು ನಿಂತಿತು. ನಮ್ಮ ಓಣಿಯಲ್ಲಿ ಎರಡೂ ಕಡೆ ಮಗ್ಗಗಳು. ಅವುಗಳ ಖಟಖಟ ನಮಗೆ ಕೇಳಿಸುವುದೇ ಇಲ್ಲ, ನಿಂತಾಗ ಮಾತ್ರ ಕೇಳಿಸುತ್ತದೆ. "ಗೇಲೀ ಲಾಯಿಟ್" ಎಂದಳು ಕಾಕು. ಕರೆಂಟು ಹೋಗುವುದು ಹೊಸದಲ್ಲ. ಬರುತ್ತದೆ ಎಂದು ನಾವು ಶಾವಿಗೆ ಮಗುಚುತ್ತ ಕುಳಿತೆವು. ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ನೀರು ಕುಡಿಯಲು ಒಳಗೆ ಹೋದೆ.

ಬಾಗಿಲ ಚಾದರದ ಆಚೆ ಅತ್ತೆ ಮಾತಾಡುತ್ತಿದ್ದರು. ಮಾವನ ಜೊತೆ ಮಾತು ನಡೆದಿದೆ ಎಂದುಕೊಂಡು ನಾನು ಗಡಿಗೆಯಿಂದ ನೀರು ತೆಗೆದೆ. ತಂಬಿಗೆ ಬಾಯಿಗೆ ಇಟ್ಟಾಗ ಕಂಡಿತು, ಮಾವ ನನ್ನ ಎದುರಿಗೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಾರೆ.

ಚಾದರ ಸರಿಸಿದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವಂಥ ಉಗಿ. ಪಂಖಾ ನಿಂತಿತ್ತು. ಗೋಡೆಯ ಮೇಲೆ ನೀರಿನ ಹನಿ ಮೂಡಿದ್ದವು. ಅತ್ತೆಯ ಮುಖ ಕೆಂಪಾಗಿತ್ತು, ಕಣ್ಣು ತೆರೆದಿದ್ದವು. ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಏನನ್ನೋ ಹೊಸೆಯುತ್ತಿದ್ದರು. "ಹರೀತು... ಮತ್ತ ಹರೀತು... ಗಂಟ ಹಾಕ ಬಾರಽ..." ಮುಟ್ಟಿದೆ. ಮೈ ಹಂಚಿನ ಹಾಗೆ ಸುಡುತ್ತಿತ್ತು. "ಅತ್ತೀ" ಎಂದೆ. ನನ್ನನ್ನು ನೋಡಿ ಅವರು ಬಹಳ ಮರ್ಯಾದೆಯಿಂದ ಕೇಳಿದರು, "ಯಾರವಾ ನೀ? ಯಾರ ಮನೀಕಿ?"

ನಾನು ಕೂಗಿದೆ. ಮಾವ ಎದ್ದು ಬಂದರು. ಬಂದವರು ಮೊದಲು ಮಾಡಿದ ಕೆಲಸ ಚಾದರವನ್ನು ಮತ್ತೆ ಸರಿಯಾಗಿ ಮುಚ್ಚಿದ್ದು. "ತಂಪು ಹೊರಗ ಹೊಕ್ಕೈತಿ" ಎಂದರು. ಆ ಮಾತು ಈಗಲೂ ಕಿವಿಯಲ್ಲಿದೆ. ಆಮೇಲೆ ಅತ್ತೆಯ ಮುಖ ನೋಡಿ ನಿಂತಲ್ಲೇ ನಿಂತರು.

ಅಷ್ಟರಲ್ಲಿ ಕಾಕು ಒಳಗೆ ನುಗ್ಗಿದಳು. "ಅಗೋ ಬಾಯೀ! ಬಾಹೇರ ಆಣಾ! ಹೊರಗ ತರ್ರಿ ಮೊದಲ, ಹೊರಗ!" ಮೂವರೂ ಸೇರಿ ಅತ್ತೆಯನ್ನು ಚಾಪೆಯ ಸಮೇತ ಎತ್ತಿ ಬೇವಿನ ಮರದ ಕೆಳಗೆ ತಂದೆವು. ಶಾವಿಗೆಯ ಚಾಪೆಯನ್ನು ಕಾಲಿನಿಂದಲೇ ಸರಿಸಿದೆವು. ಕಾಕು ಬಾಗಿಲಿನ ಚಾದರವನ್ನು ಕಿತ್ತು ತಂದು ಅತ್ತೆಯ ಮೈಗೆ ಹೊದಿಸಿ, ಅಕ್ಕಿ ಕೇರುವ ಮೊರದಿಂದ ಬೀಸತೊಡಗಿದಳು. ನಾನು ತಂಬಿಗೆಯಿಂದ ಕತ್ತಿಗೆ, ಕಂಕುಳಿಗೆ ನೀರು ಹಾಕುತ್ತಿದ್ದೆ. ಮಾವ ರಿಕ್ಷಾ ತರಲು ಓಡಿದರು. ಬರಿಗಾಲಲ್ಲಿ ಓಡಿದರು. ರಿಕ್ಷಾ ಬರುವ ಹೊತ್ತಿಗೆ ಅತ್ತೆ ನನ್ನ ಮುಖ ನೋಡಿ, "ಶಾವಿಗಿ ತುಳದ್ರಲ್ಲಲೇ" ಎಂದರು. ಬೈಗುಳ ಕೇಳಿ ನನಗೆ ಅಳು ಬಂತು.

ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಚಿಕ್ಕ ವಯಸ್ಸಿನ ಡಾಕ್ಟರು. ಯಾರ ಮೇಲೂ ರೇಗಲಿಲ್ಲ. ನಡೆದದ್ದನ್ನೆಲ್ಲ ಕೇಳಿಕೊಂಡು ಮಾವನಿಗೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಕಾಕಾ, ನೀವು ಕಟ್ಟಿದ ಚಾದರ ಒಣಗಿತ್ತೇನು?"

ಮಾವ ತಲೆ ಎತ್ತಿದರು. ಆ ಹೊತ್ತಿನಲ್ಲೂ ಅವರ ದನಿಯಲ್ಲಿ ಹಳೆಯ ಅಭಿಮಾನ ಬಂತು. "ಇಲ್ರಿ ಸಾಹೇಬ್ರ. ನಾ ಕಟ್ಟಿದ ಚಾದರ ಸಂಜೀತನಾ ಒಣಗಂಗಿಲ್ರಿ."

"ಅದ ನೋಡ್ರಿ ಕಾಕಾ. ಚಾದರ ಒಣಗದ ಜಾಗಾದಾಗ ಮನಷ್ಯಾನ ಬೆವರೂ ಒಣಗಂಗಿಲ್ಲ. ಬೆವರು ಒಣಗಿದ್ರನ ಮೈ ತಣ್ಣಗ. ಇದು ನೂಲಲ್ಲ, ಮನಷ್ಯಾ."

ಮಾವ "ಹೌದ್ರಿ" ಎಂದರು. ಇನ್ನೊಂದು ಸಲ "ಹೌದ್ರಿ" ಎಂದರು. ಹೊರಗೆ ಬಂದು ಬಾಕಿನ ಮೇಲೆ ಕುಳಿತು ತಮ್ಮ ಎರಡೂ ಅಂಗೈ ನೋಡಿಕೊಂಡರು.

ಅತ್ತೆ ಗುಣವಾಗಿ ಮನೆಗೆ ಬಂದರು. ಅವರು ಬರುವ ಮೊದಲೇ ಮಾವ ಮನೆಯ ಕಿಟಕಿಗಳನ್ನೆಲ್ಲ ತೆರೆದಿದ್ದರು. ಚಾದರಗಳನ್ನು ಮಡಿಚಿ ಅಟ್ಟಕ್ಕೆ ಹಾಕಿದ್ದರು. ಬಕೆಟ್ಟನ್ನು ಬಚ್ಚಲಿನಲ್ಲಿ ಬೋರಲು ಹಾಕಿದ್ದರು. ಆಮೇಲೆ ಅವರು ಒಳಕೋಣೆಗೆ ಕಾಲಿಡಲಿಲ್ಲ. ಊಟ, ನಿದ್ದೆ ಎಲ್ಲ ಹೊರಗಿನ ಕೋಣೆಯಲ್ಲಿ, ಇಲ್ಲವೇ ಕಟ್ಟೆಯ ಮೇಲೆ. ದಿನಕ್ಕೆ ಹತ್ತಾರು ಸಲ ಹೊಸ್ತಿಲಿನವರೆಗೆ ಬರುವರು.

"ಹೆಂಗದೀ?"

"ಒಳಗ ಬಂದು ನೋಡ್ರಿ" ಎನ್ನುವರು ಅತ್ತೆ.

"ಇಲ್ಲಿಂದನ ಕಾಣಸ್ತೈತಿ" ಎಂದು ತಿರುಗಿ ಹೋಗುವರು.

ಗಡಹಿಂಗ್ಲಜದಲ್ಲಿರುವ ನಾದಿನಿ ಫೋನು ಮಾಡಿದಳು. ತಮ್ಮ ಊರಿನ ಗಾಳಿಗೆ ಸಮ ಇನ್ನೊಂದಿಲ್ಲವೆಂದು ಅವಳು ಮೊದಲಿನಿಂದಲೂ ಹೇಳುವವಳು. ಅವ್ವನನ್ನು ಕಳಿಸಿರಿ, ಇಲ್ಲೇ ಇರಲಿ ಎಂದಳು. ನಾವು ಏನನ್ನೂ ಹೇಳುವ ಮೊದಲೇ ಮಾವ ಒಪ್ಪಿಬಿಟ್ಟರು. "ಕಳಸ್ರಿ. ಮಳೆಗಾಲ ಆದ ಮ್ಯಾಲೂ ಅಲ್ಲೇ ಇರ್ಲಿ. ನನ್ನ ಕೈಯಾಗ ಬ್ಯಾಡ." ನನ್ನ ಯಜಮಾನರು ಏನೋ ಹೇಳಲು ಹೋದರು. ಮಾವ ಕೇಳಿಸಿಕೊಳ್ಳಲಿಲ್ಲ. ಅತ್ತೆಯ ಸೀರೆಗಳನ್ನು ತಾವೇ ಚೀಲಕ್ಕೆ ತುಂಬಿ ಹೊಸ್ತಿಲ ಹೊರಗೆ ಇಟ್ಟರು.

ಅತ್ತೆ ಆ ಚೀಲವನ್ನು ನೋಡುತ್ತ ಮಲಗಿದ್ದರು. ನಾನು ಅವರ ತಲೆ ಬಾಚುತ್ತಿದ್ದೆ. "ಸೆಕಿ ಬಡದಿದ್ದು ನನಗಲ್ಲವಾ" ಎಂದರು ಮೆಲ್ಲಗೆ, "ಅವರಿಗೆ. ನನಗ ಸಲಾಯಿನ್ ಹಚ್ಚಿ ಇಳಿಸಿದ್ರು. ಅವರಿಗೆ ಯಾರು ಇಳಸಬೇಕು? ನಾ ಈಗ ಹ್ವಾದೆ ಅಂದ್ರ ಈ ಮನುಷ್ಯಾ ಇನ್ನೆಂದೂ ಈ ಹೊಸ್ತಲಾ ದಾಟಂಗಿಲ್ಲ."

ಮರುದಿನ ಅವರು ಹೊರಡಬೇಕಿತ್ತು. ಆ ಮಧ್ಯಾಹ್ನ ಮತ್ತೆ ಮೋಡ ಕಟ್ಟಿತು. ಈ ಸಲ ಗಾಳಿಯೂ ಬಂತು. ಮೊದಲು ಬೇವಿನ ಮರ ಅಲುಗಿತು, ಆಮೇಲೆ ಪತ್ರಾಸು ಸದ್ದು ಮಾಡಿತು, ಆಮೇಲೆ ಒಳಕೋಣೆಯ ಕಿಟಕಿ ಢಬ್ಬೆಂದು ಮುಚ್ಚಿಕೊಂಡಿತು.

ಮಾವ ಕಟ್ಟೆಯಿಂದ ಎದ್ದು ಬಂದ ರಭಸಕ್ಕೆ ನಾನು ಹಿಂದೆ ಸರಿದೆ. ಹೊಸ್ತಿಲು ದಾಟಿದ್ದು ಅವರಿಗೆ ಗೊತ್ತಾಗಲಿಲ್ಲ. ಹೋಗಿ ಕಿಟಕಿ ತೆರೆದರು. ಗಾಳಿ ಮತ್ತೆ ಬಡಿಯಿತು. ಮತ್ತೆ ತೆರೆದರು. ಮದುವೆಯಾದ ಹೊಸದರಲ್ಲಿ ನನಗೂ ಅವರಿಗೂ ನಡೆದ ಆಟ ಈಗ ಗಾಳಿಗೂ ಅವರಿಗೂ ನಡೆದಿತ್ತು, ಪಕ್ಷ ಮಾತ್ರ ಬದಲಾಗಿತ್ತು. ಕೊನೆಗೆ ಹೊರಗೆ ಹೋಗಿ ತಮ್ಮ ಪೆಟ್ಟಿಗೆ ತಡಕಾಡಿ ಹಳೆಯ ಲಾಳಿಯೊಂದನ್ನು ತಂದರು. ಕಾರಖಾನೆ ಬಿಡುವಾಗ ನೆನಪಿಗೆಂದು ತಂದಿಟ್ಟುಕೊಂಡಿದ್ದು. ಅದನ್ನು ಕದದ ಸಂದಿಗೆ ಇಟ್ಟು ಅಂಗೈಯಿಂದ ಗುದ್ದಿ ಕೂರಿಸಿದರು.

"ಅಲ್ರೀ, ಲಾಳಿ ಓಡೂ ಜಾಗಾ ಅದೇನು?" ಎಂದರು ಅತ್ತೆ.

"ಓಡಿದ್ದು ಸಾಕು. ಇನ್ನ ಕುಂದ್ರಲಿ."

ಹಾಗೆಂದ ಮೇಲೆ ಅವರಿಗೆ ತಾವು ಎಲ್ಲಿ ನಿಂತಿದ್ದೇವೆಂದು ಗೊತ್ತಾಯಿತು. ತಿರುಗಿ ಹೊಸ್ತಿಲಿನ ಕಡೆ ನೋಡಿದರು.

"ಬಂದೀರಿ, ಹಂಗ ಹೋಗಬ್ಯಾಡ್ರಿ" ಎಂದರು ಅತ್ತೆ. "ಭಾಳ ಕುದಿಯಾಕತ್ತೈತಿ. ಖಿಡಕಿಗೆ ಒಂದು ಚಾದರ ಹಸಿ ಮಾಡಿ ಕಟ್ಟರಿ."

"ಇಲ್ಲ. ನಾ ಇನ್ನ ಚಾದರ ಮುಟ್ಟಂಗಿಲ್ಲ."

"ಯಾಕ?"

ಮಾವ ಕುಳಿತಿದ್ದ ಲಾಳಿಯನ್ನು ಇನ್ನೊಮ್ಮೆ ಗುದ್ದಿದರು.

"ಅವತ್ತ ಗಿಡದ ಬುಡಕ ನನ್ನ ಮೈಮ್ಯಾಲ ಹಾಕಿದ್ದು ಯಾರು ಹಿಂಡಿದ ಚಾದರ? ನೀವ ಹಿಂಡಿದ್ದಲ್ಲ? ಅದರಿಂದನ ಉಳದೆ. ಚಾದರದ್ದೇನ ತಪ್ಪ ಇಲ್ಲ, ಹಿಂಡಿದವರದೂ ಇಲ್ಲ. ಗಾಳಿ ಒಂದು ಇರಲಿಲ್ಲ. ಈಗ ಬಂದೈತಿ." ಅತ್ತೆ ಮೊಣಕೈ ಊರಿದರು. "ನೀವು ತರೂದಿಲ್ಲಂದ್ರ ನಾನ ಅಟ್ಟಾ ಏರ್ತೀನಿ ನೋಡ್ರಿ."

"ಏಳಬ್ಯಾಡ! ಬಿದ್ದೀ!" ಎಂದು ಮಾವ ಗದರಿದರು. ಬಹಳ ದಿನದ ಮೇಲೆ ಗದರಿದ್ದರು.

ಅಟ್ಟದಿಂದ ಚಾದರ ಇಳಿಯಿತು. ಬಚ್ಚಲಿನಲ್ಲಿ ಬೋರಲಿದ್ದ ಬಕೆಟ್ಟು ನೆಟ್ಟಗಾದ ಸದ್ದು, ನಲ್ಲಿಯ ಸದ್ದು, ಆಮೇಲೆ ಹಿಂಡುವ ಸದ್ದು ಕೇಳಿಸಿತು. ಹಿಂಡುವುದು ಎಂದಿಗಿಂತ ಹೆಚ್ಚು ಹೊತ್ತು ನಡೆಯಿತು. ಮಾವ ಅದನ್ನು ತಂದು ತೆರೆದ ಕಿಟಕಿಗೆ ಕಟ್ಟತೊಡಗಿದರು. ಗಂಟು ಬಿಗಿಯುವ ಮೊದಲೇ ಗಾಳಿ ಚಾದರವನ್ನು ಎತ್ತಿ ಅವರ ಮುಖಕ್ಕೆ ಪಟ್ಟೆಂದು ಹೊಡೆಯಿತು. ಅತ್ತೆ ನಕ್ಕರು. ನಾನು ನಗು ತಡೆದುಕೊಳ್ಳಲು ಅಡಿಗೆಮನೆಗೆ ಹೋದೆ. ಹೋಗುವಾಗ ಹೊಸ್ತಿಲ ಹೊರಗಿದ್ದ ಸೀರೆಯ ಚೀಲವನ್ನು ಎತ್ತಿಕೊಂಡು ಹೋದೆ. ಯಾರೂ ಬೇಡ ಎನ್ನಲಿಲ್ಲ.

ಚಹಾ ಹಿಡಿದು ಬಂದಾಗ ಮಾವ ಅತ್ತೆಯ ಕಾಲ ಬಳಿ ನೆಲದ ಮೇಲೆ ಕುಳಿತಿದ್ದರು. ಮಳೆ ಇನ್ನೂ ಬಂದಿರಲಿಲ್ಲ. ಗಾಳಿ ಮಾತ್ರ ಚಾದರದೊಳಗಿಂದ ಹಾದು ತಣ್ಣಗೆ ಬರುತ್ತಿತ್ತು. ಮಾವ ಅಭ್ಯಾಸದಂತೆ ಕೈ ಚಾಚಿ ಚಾದರದ ಅಂಚನ್ನು ಬೆರಳಲ್ಲಿ ಹಿಸುಕಿದರು. ಇನ್ನೊಮ್ಮೆ ಹಿಸುಕಿ ಅತ್ತೆಯ ಕಡೆ ನೋಡಿದರು.

"ಒಣಗೇತಿ" ಎಂದರು.

ಚಾದರವನ್ನು ಬಿಚ್ಚಿಕೊಂಡು ಮತ್ತೆ ಬಚ್ಚಲಿಗೆ ಹೋದರು.